ನೇರಳೆ ಹಳದಿಯಾದ ಮಹಾತ್ಮೆ

ಮುಂಬೈಯ ದಾದರ್ ಹೂಮಾರ್ಕೆಟ್ಟಿನಲ್ಲಿ ಚೆಂಡುಹೂವಿಗೆ ದಸರೆಯ ದಿನ ಸಿಗುವ ಮರ್ಯಾದೆ ಮರುದಿನ ಇರುವುದಿಲ್ಲ. ಕಸದ ಗಾಡಿ ಹತ್ತುತ್ತದೆ. ಅದೇ ಹೂವಿನ ಸಾರ ತೆಗೆದು, ಡ್ರಾಪರ್ ಇರುವ ಪುಟ್ಟ ಬಾಟಲಿಗೆ ತುಂಬಿ, ಮೇಲೆ ‘ಆಂಟಿಆಕ್ಸಿಡೆಂಟ್’ (ಜೀವಕೋಶ ಕೆಡಿಸುವ ಪುಂಡ ಕಣಗಳನ್ನು ತಣ್ಣಗಾಗಿಸುವ ವಸ್ತು) ಅಂತ ಬರೆದುಬಿಟ್ಟರೆ ಮುಗಿಯಿತು. ಬಾಂದ್ರಾದಲ್ಲಿ ಅದಕ್ಕೆ ಏಸಿ ಕೋಣೆ, ಪ್ರತ್ಯೇಕ ಕಪಾಟು. ಇದೇ ಸಾರವನ್ನು ಕೋಳಿಗಳಿಗೂ ಹಾಕುತ್ತಾರೆ, ಮೊಟ್ಟೆಯ ಹಳದಿಗೆ ಒಳ್ಳೆ ಬಣ್ಣ ಬರಲಿ ಅಂತ. ಪಾಪ, ಕೋಳಿಗೆ ಲೇಬಲ್ ಓದಲು ಬರುವುದಿಲ್ಲ.

ನಮ್ಮ ಮಾಟುಂಗಾದ ಕನ್ನಡಿಗರೇನೂ ಹಿಂದೆ ಬಿದ್ದಿಲ್ಲ. ಜೀವಮಾನವಿಡೀ ಫಿಲ್ಟರ್ ಕಾಫಿ ಕುಡಿದ ಶೆಟ್ಟರೊಬ್ಬರು ಈಗ ಶಂಖಪುಷ್ಪದ ನೀಲಿ ಚಹಾಕ್ಕೆ ಇಳಿದಿದ್ದಾರೆ. ಗಾಜಿನ ಲೋಟಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿದರು. ನೀಲಿ ಹೋಗಿ ನೇರಳೆಯಾಯಿತು. “ಕಂಡ್ರಾ ಮಾರಾಯ್ರೇ, ಆಂಟಿಆಕ್ಸಿಡೆಂಟ್ ಕೆಲಸ ಶುರು ಮಾಡ್ತು!” ಅಂದರು. ಹುಳಿ ಬಿದ್ದರೆ ಆ ಬಣ್ಣ ಬದಲಾಗುತ್ತದೆ, ಅಷ್ಟೇ. ಆದರೆ ಅವರ ಮುಖದ ಕಳೆ ನೋಡಿ ಸುಮ್ನೆ ತಲೆಯಾಡಿಸಿದೆ.

ಲ್ಯಾಬಿನಲ್ಲೂ ನಡೆಯುವುದು ಬಣ್ಣದ ಆಟವೇ. ಅಲ್ಲಿ ಡಿಪಿಪಿಎಚ್ ಎಂಬ, ಅಂಥದೇ ಪುಂಡ ಕಣಗಳ ಕಡು ನೇರಳೆ ದ್ರಾವಣ ಇರುತ್ತದೆ. ಬ್ಲಾಯ್ಸ್ ಎಂಬ ವಿಜ್ಞಾನಿ 1958ರಲ್ಲಿ ತೋರಿಸಿಕೊಟ್ಟ ವಿಧಾನ. ಹೂವನ್ನು ಹೆಚ್ಚಾಗಿ ಮೆಥನಾಲಿನಲ್ಲಿ ನೆನೆಸುತ್ತಾರೆ. ಹೌದು, ಕುಡಿದರೆ ಕಣ್ಣು ಹೋಗುವ ಅದೇ ಮೆಥನಾಲ್. ಆ ಸಾರ ಬಿದ್ದು ಪುಂಡ ಕಣಗಳು ತಣ್ಣಗಾದಂತೆ ನೇರಳೆ ಮಾಸಿ ಹಳದಿಯಾಗುತ್ತದೆ. ಎಷ್ಟು ಮಾಸಿತು ಅಂತ 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆದು, ವಿಟಮಿನ್ ಸಿ ಪಕ್ಕ ಇಟ್ಟು ನೋಡುತ್ತಾರೆ. ಪರೀಕ್ಷೆಯಲ್ಲಿ ತಪ್ಪಿಲ್ಲ. ಆದರೆ ದಾಸವಾಳ ಪಾಸು, ಗುಲಾಬಿ ಪಾಸು, ಚೆಂಡುಹೂ ಪಾಸು. ಶೆಟ್ಟರು ಬಿಟ್ಟುಬಂದ ಫಿಲ್ಟರ್ ಕಾಫಿಯೂ ಪಾಸು! ಇದನ್ನು ಮಾತ್ರ ಯಾರೂ ಬಾಟಲಿ ಮೇಲೆ ಬರೆಯುವುದಿಲ್ಲ.

ಗಾಜಿನ ನಳಿಗೆಯಲ್ಲಿ ಆದದ್ದು ಹೊಟ್ಟೆಯಲ್ಲೂ ಆಗಬೇಕಲ್ವಾ? ಹೂವಿನ ಆ ಬಣ್ಣದ ಅಂಶ ರಕ್ತಕ್ಕೆ ಸೇರುವುದೇ ತೀರಾ ಕಡಿಮೆ. ಯಾವ ಆಹಾರದಲ್ಲಿ ಎಷ್ಟು ಆಂಟಿಆಕ್ಸಿಡೆಂಟ್ ಶಕ್ತಿ ಅಂತ ಅಂಕಿಪಟ್ಟಿ ಇಟ್ಟಿದ್ದ ಅಮೆರಿಕದ ಕೃಷಿ ಇಲಾಖೆ, ಕಂಪನಿಗಳು ಅದನ್ನು ಜಾಹೀರಾತಿಗೆ ಎಳೆದಾಡಿದ್ದು ನೋಡಿ 2012ರಲ್ಲಿ ಪಟ್ಟಿಯನ್ನೇ ಕಿತ್ತುಹಾಕಿತು. ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವವರಿಗೆ ಬೀಟಾ ಕ್ಯಾರೊಟೀನ್ (ಕ್ಯಾರೆಟ್ಟಿಗೆ ಕಿತ್ತಳೆ ಬಣ್ಣ ಕೊಡುವ ಅಂಶ) ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂತು: ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿಯೇ ಆಗಿತ್ತು. ಅದೂ ಹೆಸರಾಂತ ಆಂಟಿಆಕ್ಸಿಡೆಂಟೇ.

ಇದನ್ನೆಲ್ಲ ಹೇಳಿದ್ದಕ್ಕೆ ಶೆಟ್ಟರು, “ನಿಮಗೆ ಎಲ್ಲದರಲ್ಲೂ ಕೊಂಕು” ಅಂದರು. ಅವರೇ ನಮ್ಮ ಸೊಸೈಟಿಯ ಸೆಕ್ರೆಟರಿ. ಸಂಜೆಗೇ ನೋಟಿಸು ಬಿತ್ತು: ಕಾಂಪೌಂಡಿನ ದಾಸವಾಳ ಇನ್ನು ಮುಂದೆ ಕಮಿಟಿಯ ಸೊತ್ತು. ದೇವರ ಪೂಜೆಗೆ ಮನೆಗೆರಡು ಹೂವು. ಅದಕ್ಕೂ ಲಿಖಿತ ಅರ್ಜಿ ಕೊಡಬೇಕು, ಮೇಂಟೆನೆನ್ಸ್ ಬಾಕಿ ಇರಬಾರದು.