ಗಡಿಯಾರ ತಿರುಗಿಸುವ ಊರಿನ ಟೀಚರ್

ಮಾರ್ಚ್ ತಿಂಗಳ ಕೊನೆಯ ಭಾನುವಾರ ಇಂಗ್ಲೆಂಡಿನವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಅದರ ಪೆಟ್ಟು ಬೀಳುವುದು ಉಡುಪಿಯ ನಮ್ಮ ಮನೆಯ ಊಟದ ಮೇಲೆ.

ಮಗಳು ಲೀಡ್ಸ್ ಊರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಶಾಲೆ ಬಿಟ್ಟು ಬಸ್ ಸ್ಟಾಪಿಗೆ ನಡೆಯುವಾಗ ವಿಡಿಯೋ ಕಾಲ್ ಮಾಡುತ್ತಾಳೆ. ಚಳಿಗಾಲದಲ್ಲಿ ಅವಳ ನಾಲ್ಕು ಗಂಟೆ ಅಂದರೆ ನಮಗೆ ರಾತ್ರಿ ಒಂಬತ್ತೂವರೆ. ಊಟ ಆಗಿ, ಪಾತ್ರೆ ತೊಳೆದು, ಅತ್ತೆಯ ಧಾರಾವಾಹಿಯೂ ಮುಗಿದಿರುತ್ತದೆ. ಏಪ್ರಿಲ್ ಬಂತೆಂದರೆ ಅದೇ ಫೋನು ಎಂಟೂವರೆಗೆ. ತಟ್ಟೆಯಲ್ಲಿ ಗಂಜಿ, ಟಿವಿಯಲ್ಲಿ ಯಾರದೋ ಮದುವೆ ಮುರಿಯುವ ಹೊತ್ತು. ಅತ್ತೆಗೆ ಸಿಟ್ಟು ಬಂತು. "ಗಂಟೆ ತಿರುಗಿಸ್ಲಿಕ್ಕೆ ಅವರಿಗೆ ಹೇಳಿದ್ದು ಯಾರು?"

ಹೇಳಿದವನು ವಿಲಿಯಂ ವಿಲೆಟ್ ಎಂಬ ಮನೆ ಕಟ್ಟಿಸುವ ಕಂಟ್ರಾಕ್ಟರ್. ಬೆಳಗ್ಗೆ ಕುದುರೆ ಸವಾರಿಗೆ ಹೊರಟರೆ ಊರಿಗೆ ಊರೇ ಕಿಟಕಿ ಪರದೆ ಎಳೆದು ಮಲಗಿರುತ್ತಿತ್ತು. ಇಷ್ಟು ಒಳ್ಳೆಯ ಬೆಳಕು ಸುಮ್ನೆ ಹಾಳಾಗುತ್ತದಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು. 1907ರಲ್ಲಿ ಒಂದು ಪುಸ್ತಿಕೆ ಬರೆದು ಹಂಚಿದ. ಏಪ್ರಿಲ್‌ನ ನಾಲ್ಕು ಭಾನುವಾರ 20 ನಿಮಿಷದಂತೆ ಗಡಿಯಾರ ಮುಂದೆ ಮಾಡಿ ಅಂದ. ಪಾರ್ಲಿಮೆಂಟು ಒಪ್ಪಲಿಲ್ಲ. 1915ರಲ್ಲಿ ಅವನು ತೀರಿಕೊಂಡ. ಮರುವರ್ಷವೇ ಯುದ್ಧದಲ್ಲಿ ಕಲ್ಲಿದ್ದಲು ಉಳಿಸಬೇಕೆಂದು ಮೊದಲು ಜರ್ಮನಿ, ಮೂರು ವಾರದಲ್ಲಿ ಬ್ರಿಟನ್ ಗಡಿಯಾರ ತಿರುಗಿಸಿದವು. ಬದುಕಿದ್ದಾಗ ಹೇಳಿದ್ದನ್ನು ಯಾರು ಕೇಳುತ್ತಾರೆ, ಅಲ್ವಾ?

"ನಮ್ಮಲ್ಲಿ ಹಾಗೆಲ್ಲ ಇಲ್ಲಪ್ಪ" ಎಂದರು ಅತ್ತೆ. ಇತ್ತು. ಎರಡನೇ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಭಾರತದ ಗಡಿಯಾರವೂ ಒಂದು ಗಂಟೆ ಮುಂದೆ ಓಡಿತ್ತು. ಆದರೆ ಅದು ಅತ್ತೆ ಹುಟ್ಟುವ ಮೊದಲಿನ ಮಾತು. ಹಾಗಾಗಿ ಅವರ ಲೆಕ್ಕದಲ್ಲಿ ನಡೆದಿಲ್ಲ.

ನಿಜವಾಗಿ ಉಡುಪಿಯವರಿಗೆ ಈ ಉಪದ್ವ್ಯಾಪ ಬೇಡ. ನಮ್ಮ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ. ಡಿಸೆಂಬರಿನಲ್ಲೂ ಆರು ದಾಟಿದ ಮೇಲೆಯೇ ಮಲ್ಪೆಯಲ್ಲಿ ಸೂರ್ಯ ಮುಳುಗುವುದು. ಜೂನಿನಲ್ಲಿ ಏಳಕ್ಕೆ, ಮೋಡದ ಎಡೆಯಲ್ಲಿ ಕಂಡರೆ. ಲೀಡ್ಸ್‌ನಲ್ಲಿ ಡಿಸೆಂಬರಿನ ಹಗಲು ಏಳೂವರೆ ಗಂಟೆ, ಜೂನಿನದ್ದು ಹದಿನೇಳು!

ಮಗಳು ಹೊರಟಾಗ ನಾವು ಸ್ವೆಟರ್, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಎಲ್ಲ ಕಟ್ಟಿಕೊಟ್ಟಿದ್ದೆವು. ಚಳಿಯನ್ನೂ ಊಟವನ್ನೂ ಅವಳು ಹೇಗೋ ಸಂಭಾಳಿಸಿದಳು. ಸೋತದ್ದು ಕತ್ತಲೆಗೆ. ಕತ್ತಲಲ್ಲಿ ಶಾಲೆಗೆ ಹೋಗುವುದು, ಕತ್ತಲಾಗುತ್ತಿರುವಾಗ ಹೊರಗೆ ಬರುವುದು. ಫೋನಿನಲ್ಲಿ ಅವಳ ಮುಖ ಒಂದು ಬೀದಿದೀಪದ ಕೆಳಗೆ ಕಾಣುತ್ತಿತ್ತು, ಮತ್ತೊಂದು ಬರುವವರೆಗೆ ಬರೀ ಸ್ವರ. ಆ ಸ್ವರಕ್ಕೆ ದೂರು ಜಾಸ್ತಿ. ಮಕ್ಕಳು ಎದ್ದು ನಿಲ್ಲುವುದಿಲ್ಲ. "ನಮಸ್ತೇ ಟೀ...ಚರ್" ಎಂಬ ರಾಗ ಇಲ್ಲ, ಬರೀ "ಮಿಸ್". ಅವರ ಇಂಗ್ಲಿಷ್ ಇವಳಿಗೆ ಹತ್ತುವುದಿಲ್ಲ, ಇವಳದ್ದು ಅವರಿಗೆ. ನಾನೂ ಟೀಚರ್ ಆಗಿ ನಿವೃತ್ತಳಾದವಳು, ಸುಮ್ಮನಿರಲು ಆಗುತ್ತದಾ? "ಹಿಂದಿನ ಬೆಂಚಿನವರ ಹೆಸರು ಮೊದಲು ಕಲಿ" ಎಂದೆ. "ಹ್ಞೂಂ" ಎಂದಳು. ನಾನು ಏನು ಹೇಳಿದರೂ ಆಗ "ಹ್ಞೂಂ" ಒಂದೇ ಉತ್ತರ.

ಫೆಬ್ರವರಿಯಲ್ಲಿ ಒಂದು ದಿನ ಫೋನ್ ಬಂದಾಗ ಅವಳ ಹಿಂದೆ ಆಕಾಶ ಕಾಣುತ್ತಿತ್ತು. ಬೂದು ಬಣ್ಣದ್ದೇ, ಆದರೂ ಆಕಾಶ. ಆಮೇಲೆ ರಸ್ತೆ ಬದಿಯಲ್ಲಿ ಹಳದಿ ಡ್ಯಾಫೊಡಿಲ್ ಹೂಗಳು ಬಂದವು. ಮುಖ ತೋರಿಸುವುದು ಬಿಟ್ಟು ಕ್ಯಾಮೆರಾವನ್ನು ಆಚೆ ತಿರುಗಿಸತೊಡಗಿದಳು. ಶಾಲೆಯ ಮೈದಾನದ ಚೆರ್ರಿ ಮರ, ಬೇಲಿಯ ಹಕ್ಕಿ, ಕೊನೆಗೆ ಬಸ್ ಸ್ಟಾಪಿನ ಬೆಂಚಿನ ಮೇಲಿನ ಬಿಸಿಲು ಕೂಡ. ಬಿಸಿಲನ್ನು ಫೋನಿನಲ್ಲಿ ನೋಡುತ್ತಾ ನಾನಿಲ್ಲಿ ಫ್ಯಾನಿನ ಕೆಳಗೆ ಬೆವರುತ್ತಿದ್ದೆ.

ಅದೇ ವಾರ ಕ್ಲಾಸಿನಲ್ಲಿ ಗಲಾಟೆ. 14 ಡಿಗ್ರಿ ಆದದ್ದೇ ಮಕ್ಕಳೆಲ್ಲ ಸ್ವೆಟರ್ ತೆಗೆದು, "ಮಿಸ್, ಸೆಕೆ, ಕಿಟಕಿ ತೆಗೀಲಾ?" ಅಂದರಂತೆ. ಇವಳು ಕೋಟು ಹಾಕಿ ಹೀಟರಿಗೆ ಬೆನ್ನು ಕೊಟ್ಟು ನಿಂತಿದ್ದಳು. ಉಡುಪಿಯಲ್ಲಿ 22ಕ್ಕೆ ಇಳಿದರೆ ರಥಬೀದಿಯಲ್ಲಿ ಮಂಕಿ ಕ್ಯಾಪುಗಳು ಓಡಾಡುತ್ತವೆ! ಬೋರ್ಡಿನ ಮೇಲಿನ ಸಮೀಕರಣ ಬಿಡಿಸಿದವರು ಕಿಟಕಿ ತೆಗೆಯಬಹುದು ಎಂದಳಂತೆ. ಎದ್ದು ಬಂದವನು ಹಿಂದಿನ ಬೆಂಚಿನವನು. ಅವನ ಹೆಸರು ಅವಳಿಗೆ ಗೊತ್ತಿತ್ತು, ಅಷ್ಟು ಸಾಕು ನನಗೆ.

ಚೈತ್ರ, ವೈಶಾಖ ವಸಂತ ಋತು ಎಂದು ನಾನು ಪ್ರತಿ ವರ್ಷ ಪಾಠ ಮಾಡಿದ್ದೇನೆ. ಎದುರಿಗೆ ಮಕ್ಕಳು ನೋಟ್‌ಬುಕ್ಕಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಕರಾವಳಿಯ ಋತುಗಳು ಎರಡೇ, ಮಳೆ ಮತ್ತು ಸೆಕೆ. ಗೇರುಹಣ್ಣಿನ ವಾಸನೆ, ಗುಜ್ಜೆ ಪಲ್ಯ, ಪುನರ್ಪುಳಿ ಶರಬತ್ತು, ಇವು ಬಂದರೆ ಚೈತ್ರ ಬಂತು. ಶಾಲೆಗೆ ಬೀಗ, ಮಕ್ಕಳು ಅಜ್ಜಿ ಮನೆಗೆ. ಇಂಗ್ಲೆಂಡಿನಲ್ಲಿ ಹತ್ತನೆಯವರಂಥ ಮಕ್ಕಳಿಗೆ ಪರೀಕ್ಷೆ ಮೇ, ಜೂನ್‌ನಲ್ಲಿ. ಹೂವೆಲ್ಲ ಅರಳುವಾಗ ಇವಳಿಗೆ ರಿವಿಷನ್ ಕ್ಲಾಸು.

ಪುಣ್ಯಕ್ಕೆ ನಮ್ಮ ತುಳುನಾಡಿನ ಹೊಸವರ್ಷ ಬಿಸು ಅವರ ಈಸ್ಟರ್ ರಜೆಯಲ್ಲಿ ಬಂತು. ಬೆಳಗ್ಗೆ ಎದ್ದ ಕೂಡಲೇ ನೋಡುವ ಕಣಿ ಇಟ್ಟು ಫೋಟೋ ಕಳಿಸಿದಳು. ಕನ್ನಡಿ, ಬಳೆ, ತೆಂಗಿನಕಾಯಿ, ಮಾರುದ್ದದ ಸೌತೆಕಾಯಿ, ಡ್ಯಾಫೊಡಿಲ್ ಹೂ, ಜೊತೆಗೆ ಹಲಸಿನ ಡಬ್ಬಿ. ಅತ್ತೆ ಹೂವನ್ನು ಒಪ್ಪಿದರು, ಡಬ್ಬಿಯನ್ನು ಒಪ್ಪಲಿಲ್ಲ.

ಜೂನಿನಲ್ಲಿ ನಾನು ಅಲ್ಲಿಗೆ ಹೋಗುವ ಮಾತು ನಡೆಯುತ್ತಿದೆ. ಆಗ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ ಎಂದು ಮಗಳು ಫೋನಿನಲ್ಲಿ ಹೇಳಿದ್ದೇ ಅತ್ತೆ ಟಿವಿಯ ಸ್ವರ ತಗ್ಗಿಸಿದರು.

"ಹಾಗಾದ್ರೆ ದೇವರ ದೀಪ ಎಷ್ಟು ಗಂಟೆಗೆ?"

"ಶಾಲೆಯಿಂದ ಬಂದು ಕೈಕಾಲು ತೊಳೆದು ಐದಕ್ಕೇ ಹಚ್ತೇನೆ ಅಜ್ಜಿ."

"ಬಿಸಿಲಲ್ಲಾ?"

"ಮತ್ತೆ? ಕತ್ತಲಾಗುವವರೆಗೆ ಕಾದರೆ ನನಗೆ ಬೆಳಿಗ್ಗೆ ಶಾಲೆ ಇಲ್ವಾ?"

ಅತ್ತೆ ಬಿಡಲಿಲ್ಲ, ನಮ್ಮ ಭಟ್ಟರನ್ನು ಕೇಳಿದರು. ಭಟ್ಟರು ಯೋಚನೆ ಮಾಡಿ, "ಉಡುಪಿಯ ಗಂಟೆ ನೋಡಿಯೇ ಹಚ್ಚಲಿ" ಎಂದರು. ಉಡುಪಿಯ ಏಳು ಗಂಟೆ ಅಂದರೆ ಅವಳಿಗೆ ಮಧ್ಯಾಹ್ನ ಎರಡೂವರೆ. ಆಗ ಅವಳಿಗೆ ಬೀಜಗಣಿತದ ಪಿರಿಯಡ್ಡು.