ಸಾಂಬಾರಿಗೆ ‘ಸಾಧಾರಣ’

ಐದು ದಿನದ ತರಬೇತಿ. ಮೊದಲ ದಿನ ಬೆಳಿಗ್ಗೆ ಹನ್ನೊಂದು ಇಪ್ಪತ್ತು. ದೀಪ ಬೆಳಗಿಸಬೇಕಾದ ಅಧಿಕಾರಿಗಳು ಇನ್ನೂ ದಾರಿಯಲ್ಲಿದ್ದರು. ಅಷ್ಟರಲ್ಲಿ ನಮ್ಮ ಕೈಗೆ ಹಿಮ್ಮಾಹಿತಿ ನಮೂನೆ ಬಂತು. ‘ಈ ತರಬೇತಿಯು ನಿಮ್ಮ ವೃತ್ತಿಗೆ ಎಷ್ಟರ ಮಟ್ಟಿಗೆ ಉಪಯುಕ್ತವಾಯಿತು?’ ಎಂಬುದು ಮೊದಲ ಪ್ರಶ್ನೆ. ಇನ್ನೂ ಶುರುವೇ ಆಗಿಲ್ಲವಲ್ಲ ಸರ್ ಎಂದೆ. ಹಂಚುತ್ತಿದ್ದ ಸಂಪನ್ಮೂಲ ವ್ಯಕ್ತಿ, ಅಂದರೆ ತರಬೇತಿ ಕೊಡುವವರು, ನನ್ನನ್ನು ಕರುಣೆಯಿಂದ ನೋಡಿದರು. ‘ಕೊನೆಯ ದಿನ ಊಟ ಮುಗಿಯುತ್ತಿದ್ದಂತೆ ಎಲ್ಲರೂ ಬಸ್ಸು ಹಿಡಿಯುತ್ತೀರಿ ಮೇಷ್ಟ್ರೇ. ಆಮೇಲೆ ಇದನ್ನು ತುಂಬಿಸಿಕೊಳ್ಳಲು ನಾನು ನಿಮ್ಮ ಮನೆ ಮನೆಗೆ ಬರಬೇಕೇ? ಈಗಲೇ ತುಂಬಿಬಿಡಿ. ದಿನಾಂಕ ಮಾತ್ರ ಖಾಲಿ ಇರಲಿ.’

ತುಂಬಿದೆ. ಬಹಳ ಉಪಯುಕ್ತವಾಗಿತ್ತು.

ತರಬೇತಿಯ ಹೆಸರು ‘ಪರಿಣಾಮಕಾರಿ ತರಬೇತಿಗಳ ವಿನ್ಯಾಸ ಮತ್ತು ಮೌಲ್ಯಮಾಪನ’. ಅಂದರೆ ತರಬೇತಿ ಕೊಡುವುದು ಹೇಗೆ ಎಂಬುದರ ತರಬೇತಿ. ಇಷ್ಟುದ್ದದ ಹೆಸರನ್ನು ಹೊತ್ತ ಬ್ಯಾನರು ಸಭಾಂಗಣದ ಗೋಡೆಗಿಂತ ಒಂದೂವರೆ ಅಡಿ ದೊಡ್ಡದಾಗಿತ್ತು. ಜವಾನರು ಎರಡೂ ತುದಿಗಳನ್ನು ಸಮನಾಗಿ ಮಡಚಿ ಮೊಳೆ ಹೊಡೆದಿದ್ದರು. ಎಡಗಡೆಯ ಮಡಿಕೆಯೊಳಗೆ ‘ಪರಿಣಾಮ’ ಸೇರಿಕೊಂಡಿತ್ತು, ಬಲಗಡೆಯದರಲ್ಲಿ ‘ಮಾಪನ’. ಐದು ದಿನವೂ ನಾವು ‘ಕಾರಿ ತರಬೇತಿಗಳ ವಿನ್ಯಾಸ ಮತ್ತು ಮೌಲ್ಯ’ ಎಂಬುದರ ಕೆಳಗೆ ಕುಳಿತಿದ್ದೆವು. ಜಿಪಿಎಸ್ ಸಹಿತ ಫೋಟೋದಲ್ಲಿ ಅಕ್ಷಾಂಶ, ರೇಖಾಂಶ, ಸಮಯ ಎಲ್ಲವೂ ಸ್ಪಷ್ಟವಾಗಿ ಬಂದಿರುವುದರಿಂದ ಇದಕ್ಕೆ ಯಾರೂ ಆಕ್ಷೇಪವೆತ್ತಲಿಲ್ಲ.

ನನ್ನದು ಇಬ್ಬರು ಶಿಕ್ಷಕರ ಶಾಲೆ. ಐದು ತರಗತಿ, ಮೂವತ್ತೆರಡು ಮಕ್ಕಳು. ನಾನು ತರಬೇತಿಗೆ ಹೊರಟರೆ ಅರ್ಧ ಶಾಲೆಯೇ ತರಬೇತಿಗೆ ಹೊರಟ ಹಾಗೆ. ಎರಡನೆಯ ದಿನ ‘ಕಲಿಕೆಯ ಅವಧಿಯನ್ನು ಹೆಚ್ಚಿಸಿಕೊಳ್ಳುವ ಬಗೆ’ ಎಂಬ ಗೋಷ್ಠಿ ನಡೆಯುತ್ತಿದ್ದಾಗ ಶಾಲೆಯಿಂದ ಫೋನು ಬಂತು. ಉಳಿದಿದ್ದ ಒಬ್ಬ ಮೇಡಂ ಮತದಾರರ ಪಟ್ಟಿಯ ಕೆಲಸಕ್ಕೆ ಹೋಗಬೇಕಾಗಿದೆಯಂತೆ, ಮಕ್ಕಳನ್ನು ಬಿಸಿಯೂಟದ ಅಕ್ಕ ನೋಡಿಕೊಳ್ಳುತ್ತಿದ್ದಾರಂತೆ. ಅಕ್ಕ ಯಾವ ತರಬೇತಿಯನ್ನೂ ಪಡೆದವರಲ್ಲ. ಮಕ್ಕಳಿಗೆ ಅವರೆಕಾಯಿ ಸುಲಿಯಲು ಕೊಟ್ಟು, ಎಣಿಸಿ ಹೇಳಿ ಎಂದರಂತೆ. ಚಟುವಟಿಕೆ ಆಧಾರಿತ ಗಣಿತ ಎಂದು ಇದನ್ನೇ ಇಲ್ಲಿ ನಮಗೆ ನಲವತ್ತು ಸ್ಲೈಡುಗಳಲ್ಲಿ ತೋರಿಸುತ್ತಿದ್ದರು.

ಆಗ ಫೆಬ್ರವರಿಯ ಕೊನೆ. ಮಾವು ಹೂ ಬಿಡುವ ಕಾಲಕ್ಕೆ ನಮ್ಮಲ್ಲಿ ತರಬೇತಿಗಳೂ ಹೂ ಬಿಡುತ್ತವೆ. ಮಾರ್ಚ್ 31ರೊಳಗೆ ಅನುದಾನ ಖರ್ಚಾಗಿ, ಹಣ ಬಳಕೆ ಪ್ರಮಾಣ ಪತ್ರ ಮೇಲಕ್ಕೆ ಹೋಗಬೇಕು. ಜೂನ್‌ನಲ್ಲಿ ಬೇಕಾಗುವ ವಿದ್ಯೆಯನ್ನು ನಾವು ವಾರ್ಷಿಕ ಪರೀಕ್ಷೆಯ ಹೊಸ್ತಿಲಲ್ಲಿ ಕಲಿತು, ಬೇಸಿಗೆ ರಜೆಯಲ್ಲಿ ಹಪ್ಪಳ ಸಂಡಿಗೆಯ ಜೊತೆ ತಾರಸಿಯ ಮೇಲೆ ಚೆನ್ನಾಗಿ ಒಣಗಿಸುತ್ತೇವೆ. ಹಪ್ಪಳವಾದರೂ ಮಳೆಗಾಲದಲ್ಲಿ ಡಬ್ಬಿಯಿಂದ ಹೊರಗೆ ಬರುತ್ತದೆ.

ಉದ್ಘಾಟನೆಯ ನಂತರ ಪೂರ್ವ ಪರೀಕ್ಷೆ. ನಮಗೆ ಈಗಾಗಲೇ ಏನು ಗೊತ್ತಿದೆ ಎಂದು ಅಳೆಯುವುದು, ಕೊನೆಯ ದಿನ ಅದೇ ಪ್ರಶ್ನೆಗಳನ್ನು ಮತ್ತೆ ಕೊಟ್ಟು ಎಷ್ಟು ಕಲಿತೆವು ಎಂದು ನೋಡುವುದು. ವಿಧಾನ ಒಳ್ಳೆಯದೇ. ಆದರೆ ಪ್ರಶ್ನೆಪತ್ರಿಕೆ ಹಂಚುವಾಗ ಒಂದು ಕಿವಿಮಾತು ಬಂತು: ‘ಯಾರೂ ತೀರಾ ಚೆನ್ನಾಗಿ ಬರೆಯಬೇಡಿ. ಪ್ರಗತಿ ತೋರಿಸಬೇಕಾಗುತ್ತದೆ.’ ಇಪ್ಪತ್ತೆರಡು ವರ್ಷ ಮಕ್ಕಳಿಗೆ ‘ಗೊತ್ತಿದ್ದರೆ ಬರೆಯೋ’ ಎಂದು ಗದರಿದ ನಾನು, ಗೊತ್ತಿದ್ದನ್ನು ಬರೆಯದೆ ಇರುವುದು ಎಷ್ಟು ಕಷ್ಟ ಎಂಬುದನ್ನು ಅಂದು ಕಲಿತೆ. ಪಕ್ಕದಲ್ಲಿದ್ದ ಹೊಸ ಮೇಡಂ ಪ್ರಾಮಾಣಿಕರು. ಇಪ್ಪತ್ತಕ್ಕೆ ಹದಿನೆಂಟು ತೆಗೆದುಬಿಟ್ಟರು. ಕೊನೆಯ ದಿನ ಅವರಿಗೆ ಹದಿನೇಳು ಬಂತು. ಐದು ದಿನದ ತರಬೇತಿಯಿಂದ ಒಂದು ಅಂಕ ಕಡಿಮೆಯಾದ ಆ ಪ್ರಕರಣವನ್ನು ಏನು ಮಾಡುವುದೆಂದು ತಿಳಿಯದೆ, ಕೊನೆಗೆ ಅವರ ಪೂರ್ವ ಪರೀಕ್ಷೆಯ ಹದಿನೆಂಟನ್ನು ಎಂಟು ಎಂದು ಓದಿಕೊಳ್ಳಲಾಯಿತು.

ನಮ್ಮ ವ್ಯವಸ್ಥೆಯಲ್ಲಿ ಜ್ಞಾನ ಹರಿಯುವ ದಾರಿಗೆ ಕ್ಯಾಸ್ಕೇಡ್ ಮಾದರಿ ಎಂದು ಹೆಸರು. ಅಂದರೆ ಜಲಪಾತ. ರಾಜ್ಯ ಮಟ್ಟದಲ್ಲಿ ಕೆಲವರು ಕಲಿಯುತ್ತಾರೆ, ಅವರು ಜಿಲ್ಲೆಗೆ ಬಂದು ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಹೇಳುತ್ತಾರೆ, ಅಲ್ಲಿಂದ ತಾಲ್ಲೂಕಿನ ಸಂಪನ್ಮೂಲ ಕೇಂದ್ರ ಬಿ.ಆರ್.ಸಿ., ಅಲ್ಲಿಂದ ಹತ್ತಾರು ಶಾಲೆಗಳಿಗೊಂದರಂತಿರುವ ಕ್ಲಸ್ಟರ್ ಕೇಂದ್ರ ಸಿ.ಆರ್.ಸಿ., ಅಲ್ಲಿಂದ ನಾನು, ನನ್ನಿಂದ ಮೂವತ್ತೆರಡು ಮಕ್ಕಳು. ಜೋಗದಲ್ಲಿ ಶರಾವತಿ 830 ಅಡಿ ಮೇಲಿನಿಂದ ಧುಮುಕುತ್ತಾಳೆ. ಮಳೆಗಾಲದಲ್ಲಿ ನೋಡಿದವರು ಅದನ್ನು ಮರೆಯುವುದಿಲ್ಲ. ನಾನು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದು ಏಪ್ರಿಲ್‌ನಲ್ಲಿ. ಬಂಡೆಯ ಮೇಲೆ ಒಂದು ಒದ್ದೆ ಗೆರೆ ಕಾಣುತ್ತಿತ್ತು. ‘ರಾಜ ಎಲ್ಲಿ ಸರ್, ರಾಣಿ ಎಲ್ಲಿ?’ ಎಂದು ಕೇಳಿದ ಹುಡುಗನಿಗೆ ಆ ಗೆರೆಯನ್ನೇ ತೋರಿಸಿ ನಂಬು ಎಂದೆ. ನಮ್ಮ ಸಿ.ಆರ್.ಸಿ.ಗೆ ಬಂದು ತಲುಪುವ ತರಬೇತಿಯೂ ಅದೇ ಗೆರೆ. ಮೇಲೆ ಹತ್ತು ದಿನವಿದ್ದದ್ದು ಜಿಲ್ಲೆಯಲ್ಲಿ ಐದಾಗುತ್ತದೆ, ತಾಲ್ಲೂಕಿನಲ್ಲಿ ಮೂರಾಗುತ್ತದೆ, ನಮ್ಮಲ್ಲಿಗೆ ಒಂದು ಪಿಡಿಎಫ್ ಬರುತ್ತದೆ.

ಈಗ ಸಾಂಬಾರಿನ ವಿಷಯ.

ಮೂರನೆಯ ದಿನ ಬೆಳಿಗ್ಗೆ ತೆರೆಯ ಮೇಲೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರಾಧ್ಯಾಪಕರು ಬಂದರು. ತರಬೇತಿಯನ್ನು ಅಳೆಯಲು ಅವರು 1959ರಲ್ಲಿ ನಾಲ್ಕು ಮೆಟ್ಟಿಲು ಹಾಕಿಕೊಟ್ಟರು. ಕಲಿತವರಿಗೆ ಇಷ್ಟವಾಯಿತೇ, ನಿಜಕ್ಕೂ ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸುತ್ತಿದ್ದಾರೆಯೇ, ಬಳಸಿದ್ದರಿಂದ ಫಲ ಸಿಕ್ಕಿತೇ. ಇಷ್ಟೇ ವಿಷಯ. ಆದರೆ ಸ್ಲೈಡುಗಳನ್ನು ‘ನುಡಿ’ ಎಂಬ ಕನ್ನಡ ಫಾಂಟಿನಲ್ಲಿ ಮಾಡಿದ್ದರು, ಸಭಾಂಗಣದ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ನಾಲ್ಕು ಮೆಟ್ಟಿಲೂ ಇಲಿ ಓಡಾಡಿದ ಅಕ್ಕಿ ಹಿಟ್ಟಿನಂತೆ ಕಾಣುತ್ತಿದ್ದವು. ಸಂಪನ್ಮೂಲ ವ್ಯಕ್ತಿ ಎದೆಗುಂದದೆ, ‘ಇದೆಲ್ಲ ನಿಮಗೆ ಗೊತ್ತಿರುವುದೇ’ ಎಂದು ಮುಂದಿನ ಸ್ಲೈಡಿಗೆ ಹೋದರು. ಅದೂ ಹಾಗೆಯೇ ಇತ್ತು. ಅಷ್ಟು ಹೊತ್ತಿಗೆ ಊಟದ ಗಂಟೆ.

ಆ ದಿನದ ಸಾಂಬಾರಿನಲ್ಲಿ ಉಪ್ಪು ಇರಲಿಲ್ಲ. ನುಗ್ಗೆಕಾಯಿ ಇತ್ತು, ಬೇಳೆ ಇತ್ತು, ಉಪ್ಪು ಮಾತ್ರ ಇರಲಿಲ್ಲ. ಮೊದಲ ದಿನ ಎಲ್ಲ ಕಾಲಂಗಳಲ್ಲೂ ‘ಅತ್ಯುತ್ತಮ’ ಎಂದು ಗುರುತು ಹಾಕಿದ್ದ ನಲವತ್ತು ಶಿಬಿರಾರ್ಥಿಗಳ ಪೈಕಿ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಎದ್ದು ಕಚೇರಿಗೆ ಹೋದರು, ತಮ್ಮ ನಮೂನೆಯನ್ನು ಹುಡುಕಿ ತೆಗೆಸಿದರು, ‘ಊಟೋಪಚಾರ’ ಎಂಬಲ್ಲಿ ‘ಅತ್ಯುತ್ತಮ’ವನ್ನು ಹೊಡೆದುಹಾಕಿ ‘ಸಾಧಾರಣ’ಕ್ಕೆ ಗುರುತು ಮಾಡಿ ಪಕ್ಕದಲ್ಲಿ ಸಹಿ ಹಾಕಿದರು.

ಕಚೇರಿ ನಡುಗಿತು. ಇಷ್ಟು ವರ್ಷಗಳಲ್ಲಿ ಆ ಕಾಲಂ ಕನ್ಯೆಯಾಗಿಯೇ ಉಳಿದಿತ್ತು. ಹತ್ತೇ ನಿಮಿಷದಲ್ಲಿ ಅಡುಗೆ ಭಟ್ಟರನ್ನು ಕರೆಸಿದರು. ಭಟ್ಟರು ಒಂದು ಸೌಟು ಸಾಂಬಾರು ಕೈಗೆ ಹಾಕಿಕೊಂಡು ನೆಕ್ಕಿ ನೋಡಿದರು, ತಪ್ಪು ಒಪ್ಪಿಕೊಂಡರು. ಇಬ್ಬರು ಸಹಾಯಕರೂ ಇನ್ನೊಬ್ಬ ಹಾಕಿರುತ್ತಾನೆ ಎಂದುಕೊಂಡಿದ್ದರಂತೆ. ನಾಳೆಯಿಂದ ಉಪ್ಪು ಒಬ್ಬನದೇ ಜವಾಬ್ದಾರಿ ಎಂದು ಅಲ್ಲೇ ತೀರ್ಮಾನವಾಯಿತು. ಮರುದಿನ ಬಡಿಸುವ ಮೊದಲು ಭಟ್ಟರು ಖುದ್ದಾಗಿ ರುಚಿ ನೋಡಿದರು, ದೈಹಿಕ ಶಿಕ್ಷಕರ ಎಲೆಯ ಮುಂದೆ ನಿಂತು ‘ಈಗ ಹೇಗಿದೆ ಮೇಷ್ಟ್ರೇ?’ ಎಂದು ಕೇಳಿದರು. ಮೇಷ್ಟ್ರು ಎರಡನೆಯ ಸಲ ಹಾಕಿಸಿಕೊಂಡರು. ಎರಡು ಗಂಟೆಗೆ ಕೊಳಗ ಖಾಲಿ.

ಇಷ್ಟವಾಗಲಿಲ್ಲ ಎಂದು ತಿಳಿಯಿತು, ಭಟ್ಟರು ಕಲಿತರು, ಕೆಲಸದ ರೀತಿ ಬದಲಾಯಿತು, ಕೊಳಗ ಖಾಲಿಯಾಯಿತು. ಅಮೆರಿಕದ ಪ್ರಾಧ್ಯಾಪಕರ ನಾಲ್ಕೂ ಮೆಟ್ಟಿಲುಗಳನ್ನು ನಮ್ಮ ಸಾಂಬಾರು ಇಪ್ಪತ್ನಾಲ್ಕು ಗಂಟೆಯಲ್ಲಿ ಹತ್ತಿ ಇಳಿಯಿತು. ನಮ್ಮವರಿಗೆ ಮೌಲ್ಯಮಾಪನ ಬರುವುದಿಲ್ಲ ಎಂದು ಇನ್ನು ಮುಂದೆ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮಾಡಿದ್ದನ್ನು ತಾವೇ ಉಣ್ಣಬೇಕಾದ ಕಡೆ ಅದು ಚೆನ್ನಾಗಿಯೇ ಬರುತ್ತದೆ. ತರಗತಿಯ ಸಾಂಬಾರನ್ನು ಉಣ್ಣುವವರು ಮೂರನೆಯ ತರಗತಿಯ ಮಕ್ಕಳು. ಅವರ ಕೈಗೆ ಯಾರೂ ನಮೂನೆ ಕೊಟ್ಟಿಲ್ಲ.

ಚುನಾವಣೆ ತರಬೇತಿಯಲ್ಲೂ ಇದೇ ವಿಚಿತ್ರ. ಅದೇ ಶಿಕ್ಷಕರು, ಎಷ್ಟೋ ಸಲ ಅದೇ ಸಭಾಂಗಣ, ಅದೇ ಕಿರುಗುಟ್ಟುವ ಮೈಕು. ಆದರೆ ಅಲ್ಲಿ ಯಾರೂ ತೂಕಡಿಸುವುದಿಲ್ಲ. ಮತಯಂತ್ರ ಮೇಜಿನ ಮೇಲಿರುತ್ತದೆ, ಸುತ್ತ ನಿಂತು ನಾವೇ ಗುಂಡಿ ಒತ್ತಬೇಕು. ಮತದಾನದ ದಿನ ಏಳಕ್ಕೆ ಮತದಾನ ಶುರುವಾಗಬೇಕಾದರೆ ಐದೂವರೆಗೆ ಏಜೆಂಟರ ಮುಂದೆ ಅಣಕು ಮತದಾನ, ಕನಿಷ್ಠ 50 ಮತ. ಆಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್. ಈ ಮೂರನ್ನು ನಾವು ವಿಷ್ಣು ಸಹಸ್ರನಾಮದಂತೆ ಜಪಿಸುತ್ತೇವೆ, ಏಕೆಂದರೆ ಕೊನೆಯದನ್ನು ಒತ್ತಲು ಮರೆತರೆ ಅಣಕು ಮತಗಳೆಲ್ಲ ಯಂತ್ರದಲ್ಲೇ ಕುಳಿತು ಎಣಿಕೆಯ ದಿನ ಎದ್ದು ಬರುತ್ತವೆ. ಮತದ ಚೀಟಿ ಮುದ್ರಿಸುವ ವಿವಿಪ್ಯಾಟ್‌ನ ಅಣಕು ಚೀಟಿಗಳನ್ನು ತೆಗೆದು ಕಪ್ಪು ಲಕೋಟೆಗೆ ಹಾಕಿ ಸೀಲು ಮಾಡಬೇಕು. ಸಂಜೆ ನಮೂನೆ 17ಸಿಯಲ್ಲಿ ಬರೆದ ಲೆಕ್ಕ ಯಂತ್ರದ ಲೆಕ್ಕಕ್ಕೆ ಸರಿಹೊಂದಬೇಕು. ನಮ್ಮ ತಾಲ್ಲೂಕಿನಲ್ಲಿ ಮೊಬೈಲಿನ ಗಡಿಯಾರವನ್ನೂ ಮೊಮ್ಮಕ್ಕಳಿಂದ ಸರಿಮಾಡಿಸಿಕೊಳ್ಳುವ ಹಿರಿಯ ಮುಖ್ಯ ಶಿಕ್ಷಕರೊಬ್ಬರಿದ್ದಾರೆ. ಮತಗಟ್ಟೆಯಲ್ಲಿ ಅವರು ಕಂಟ್ರೋಲ್ ಯೂನಿಟ್ಟನ್ನು ಕಣ್ಣುಮುಚ್ಚಿ ಜೋಡಿಸಿದ್ದನ್ನು ನಾನೇ ನೋಡಿದ್ದೇನೆ. ಆ ತರಬೇತಿಯಲ್ಲಿ ನಮ್ಮನ್ನು ಯಾರೂ ಹಿಮ್ಮಾಹಿತಿ ಕೇಳಿಲ್ಲ. ಮತಯಂತ್ರಗಳನ್ನು ಹಿಂದಿರುಗಿಸುವ ಡಿಮಸ್ಟರಿಂಗ್ ಕೇಂದ್ರದ ಸರದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಅದು ತಾನಾಗಿ ಸಿಗುತ್ತದೆ.

ಆನ್‌ಲೈನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಲ್ಲಿ ನನ್ನ ಕೈಯೂ ಶುದ್ಧವಿಲ್ಲ. 2019ರಲ್ಲಿ ದೇಶದ 42 ಲಕ್ಷ ಶಿಕ್ಷಕರ ಗುರಿಯೊಂದಿಗೆ ‘ನಿಷ್ಠಾ’ ಎಂಬ ತರಬೇತಿ ಶುರುವಾಯಿತು. ಮರುವರ್ಷ ಕೋವಿಡ್ ಬಂದದ್ದರಿಂದ ಅದು ಸರ್ಕಾರದ ಕಲಿಕೆಯ ದೀಕ್ಷಾ ಆ್ಯಪ್‌ಗೆ ಬಂತು, ಹದಿನೆಂಟು ಕೋರ್ಸುಗಳು, ಮಹಾಭಾರತದ ಪರ್ವಗಳಷ್ಟೇ. ಪಾಠ ಚೆನ್ನಾಗಿಯೇ ಇತ್ತು ಎಂದು ಕೇಳಿದ್ದೇನೆ. ನಮ್ಮ ಮನೆಯಲ್ಲಿ ಆ ವಿಡಿಯೊಗಳನ್ನು ನಿಷ್ಠೆಯಿಂದ ನೋಡಿದ್ದು ಅಡುಗೆ ಕಟ್ಟೆಯ ಮೇಲಿದ್ದ ಕುಕ್ಕರ್. ನಾನು ಮೂರು ಸೀಟಿಗೊಮ್ಮೆ ಬಂದು ‘ಮುಂದೆ’ ಒತ್ತುತ್ತಿದ್ದೆ. ರಸಪ್ರಶ್ನೆಯ ಉತ್ತರಗಳು ಯಾವುದೋ ವಾಟ್ಸ್ಆ್ಯಪ್ ಗುಂಪಿನಲ್ಲಿ ಪ್ರಶ್ನೆಗಿಂತ ಮೊದಲೇ ಬಂದು ಕಾಯುತ್ತಿದ್ದವು. ಹದಿನೆಂಟು ಪ್ರಮಾಣ ಪತ್ರಗಳಿವೆ. ಕುಕ್ಕರಿನ ಹೆಸರು ಒಂದರಲ್ಲೂ ಇಲ್ಲ.

ಇಷ್ಟು ಹೇಳಿದ ಮೇಲೆ, ಒಮ್ಮೆ ಸರಿಯಾಗಿ ಆದದ್ದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಕೆಲವು ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳಿಗೆ ಹೋಗಿ, ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಕಾರ್ಡುಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕುಳಿತು ನೋಡಿದರು. ಊರಿಗೆ ಬಂದು ತಮ್ಮ ಮಕ್ಕಳಿಗೆ ತಕ್ಕಂತೆ ತಾವೇ ಕಾರ್ಡು ಬರೆದರು, ಸರಿಬರದಿದ್ದರೆ ತಿದ್ದಿದರು. ನಲಿಯುತ್ತ ಕಲಿಯುವ ‘ನಲಿಕಲಿ’ ಪದ್ಧತಿ ಹುಟ್ಟಿದ್ದು ಹಾಗೆ. ನೋಡಿದವರೇ ಮಾಡಿದರು, ಮಾಡಿದವರೇ ತಿದ್ದಿದರು. ಭಟ್ಟರ ಸೌಟಿನ ವಿಧಾನವೇ. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿದಾಗ ಸಹಜವಾಗಿ ಅದಕ್ಕೂ ಒಂದು ತರಬೇತಿ ಬೇಕಾಯಿತು, ತರಬೇತಿಗೆ ಬ್ಯಾನರು ಬೇಕಾಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕು ಎನ್ನುತ್ತದೆ. ಲೆಕ್ಕದ ಮೇಷ್ಟ್ರಾದ್ದರಿಂದ ನಮ್ಮ ಐದು ದಿನಗಳನ್ನು ನಾನು ನೋಟುಪುಸ್ತಕದಲ್ಲಿ ಗುರುತು ಹಾಕಿಟ್ಟಿದ್ದೇನೆ. ಹಾಜರಾತಿಯ ಪ್ರಕಾರ ಮೂವತ್ತು ಗಂಟೆ. ಅದರಲ್ಲಿ ಅತಿಥಿಗಳಿಗಾಗಿ ಕಾದದ್ದು ನಾಲ್ಕೂವರೆ ಗಂಟೆ. ಸ್ವಾಗತ, ಪ್ರಾಸ್ತಾವಿಕ, ವಂದನಾರ್ಪಣೆ ಎರಡು ಸಲ. ‘ಮಳೆ ಬಂತು’ ಎಂದು ಚಪ್ಪಾಳೆ ತಟ್ಟುವ ಚಟುವಟಿಕೆ ಏಳು ಸಲ. ಚಾರ್ಟಿನ ಮೇಲೆ ಬಣ್ಣದ ಅಂಚು ಎಳೆದದ್ದು ಮೂರು ಗಂಟೆ. ಯಾವ ಗುಂಪಿನ ಅಂಚು ಚೆನ್ನಾಗಿದೆ ಎಂಬ ಚರ್ಚೆ ಒಂದು ಗಂಟೆ. ಚಾರ್ಟಿನ ಒಳಗೆ ಏನು ಬರೆದೆವೆಂದು ನಾನು ಗುರುತು ಮಾಡಿಕೊಂಡಿಲ್ಲ.

ಸಮಾರೋಪ ಮೂರು ಗಂಟೆಗೆ ಎಂದಿದ್ದರು. ಒಂದೂವರೆಗೆ ಎಲ್ಲರ ಚೀಲಗಳೂ ಬಾಗಿಲ ಬಳಿ ಇದ್ದವು. ಹಾಜರಾತಿ ಪ್ರಮಾಣ ಪತ್ರ ಕೈಗೆ ಬಂದ ಮೇಲೆ ನಾವು ಎರಡೂಕಾಲು ಗಂಟೆಯ ಬಸ್ಸು ಹಿಡಿದೆವು. ಅರ್ಧ ದಾರಿಯಲ್ಲಿ ನಮ್ಮ ಕ್ಲಸ್ಟರ್ ನೋಡಿಕೊಳ್ಳುವ ಸಿ.ಆರ್.ಪಿ. ಫೋನು ಮಾಡಿದರು. ‘ಅಭಿನಂದನೆ ಸರ್. ಮುಂದಿನ ವಾರ ತಾಲ್ಲೂಕಿನ ಮೂರು ದಿನದ ತರಬೇತಿಗೆ ಸಂಪನ್ಮೂಲ ವ್ಯಕ್ತಿ ನೀವೇ. ಆದೇಶ ಬಂದಿದೆ.’ ಏನು ಹೇಳಿಕೊಡಬೇಕು ಎಂದು ಕೇಳಿದೆ. ‘ಅಲ್ಲಿ ಕಲಿತದ್ದನ್ನೇ ಸರ್’ ಎಂದರು.

ನೋಟುಪುಸ್ತಕ ತಿರುವಿ ಹಾಕಿದೆ. ಹೇಳಿಕೊಡಬಹುದಾದದ್ದು ಹೆಚ್ಚೇನೂ ಇರಲಿಲ್ಲ. ಆದರೆ ಒಂದು ಪಾಠ ಮಾತ್ರ ಅಷ್ಟು ಎತ್ತರದ ಜಲಪಾತದಿಂದ ಒಂದು ಹನಿಯೂ ಸೋರದೆ ನನ್ನವರೆಗೆ ಬಂದಿತ್ತು. ಬಸ್ ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ನಲವತ್ತು ಹಿಮ್ಮಾಹಿತಿ ನಮೂನೆ ತೆಗೆಸಿಕೊಂಡೆ. ಮೊದಲ ದಿನ ಬೆಳಿಗ್ಗೆಯೇ ಬೇಕಾಗುತ್ತವೆ. ಆಮೇಲೆ ಭಟ್ಟರಿಗೆ ಫೋನು ಮಾಡಿದೆ.