ಕುರ್ಚಿ ನುಂಗುವ ಊರು

ಬೆಂಗಳೂರಿನಿಂದ ಚಾಮರಾಜನಗರಕ್ಕೆ ನೂರೆಂಬತ್ತು ಕಿಲೋಮೀಟರ್ ಆಸುಪಾಸು. ನಮ್ಮ ಎಷ್ಟೋ ಮುಖ್ಯಮಂತ್ರಿಗಳಿಗೆ ಇದು ದಿಲ್ಲಿಗಿಂತ ದೂರ. ಹೈಕಮಾಂಡ್ ಕರೆದರೆ ನಡುರಾತ್ರಿಯಲ್ಲೂ ವಿಮಾನ ಹತ್ತುವವರು ಈ ಕಡೆ ಹೊರಟರೆ ಮೈಸೂರಿನಲ್ಲೇ ಗಾಡಿ ತಿರುಗಿಸುತ್ತಿದ್ದರು. ಆ ಊರಿಗೆ ಕಾಲಿಟ್ಟರೆ ಕುರ್ಚಿ ಹೋಗುತ್ತದಂತೆ.

ಪುರಾವೆ ಕೇಳಿದರೆ ನಂಬುವವರ ಬಾಯಲ್ಲಿ ಪಟ್ಟಿ ಸಹಸ್ರನಾಮದ ಹಾಗೆ ಹೊರಡುತ್ತದೆ. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ವೀರೇಂದ್ರ ಪಾಟೀಲ... ಎಲ್ಲರೂ ಅಲ್ಲಿಗೆ ಹೋದರು, ಎಲ್ಲರ ಕುರ್ಚಿಯೂ ಹೋಯಿತು. ಇನ್ನೇನು ಬೇಕು?

ಅರಸು ಇಂದಿರಾ ಗಾಂಧಿಯವರ ಜೊತೆ ಕದನಕ್ಕೆ ಬಿದ್ದಿದ್ದರು, 1980ರ ಜನವರಿಯಲ್ಲಿ ಇಂದಿರಾ ಗೆದ್ದ ಕೂಡಲೇ ಶಾಸಕರು ದಂಡುಗಟ್ಟಿ ಅತ್ತ ಜಿಗಿದರು ಎಂಬುದೆಲ್ಲ ಇಲ್ಲಿ ಅಪ್ರಸ್ತುತ. 1988ರಲ್ಲಿ ಹೆಗಡೆ ರಾಜೀನಾಮೆ ಕೊಟ್ಟದ್ದು ಟೆಲಿಫೋನ್ ಕದ್ದಾಲಿಕೆಯ ಹಗರಣದಲ್ಲಿ ಎಂಬುದೂ ಅಷ್ಟೇ. ವೀರೇಂದ್ರ ಪಾಟೀಲರ ಕತೆಯಂತೂ ಕೇಳಲೇಬೇಕು. 1990ರಲ್ಲಿ ಅವರು ಕಾಯಿಲೆ ಬಿದ್ದಿದ್ದಾಗ ರಾಜೀವ್ ಗಾಂಧಿ ಬೆಂಗಳೂರಿಗೆ ಬಂದರು, ವಾಪಸು ಹೊರಟವರು ವಿಮಾನ ನಿಲ್ದಾಣದಲ್ಲೇ ಮುಖ್ಯಮಂತ್ರಿ ಬದಲಾವಣೆ ಘೋಷಿಸಿದರು. ಕುರ್ಚಿ ಹೋದ ಜಾಗ ಇಷ್ಟು ಖಚಿತವಾಗಿ ಗೊತ್ತಿದ್ದರೂ ಅಂದಿನಿಂದ ಒಬ್ಬ ಮುಖ್ಯಮಂತ್ರಿಯಾದರೂ ವಿಮಾನ ನಿಲ್ದಾಣಕ್ಕೆ ಹೆದರಿ ದಿಲ್ಲಿಗೆ ರೈಲಿನಲ್ಲಿ ಹೋದದ್ದುಂಟೆ? ಶಾಪ ಹಾಕುವುದಕ್ಕೂ ಊರು ಬಡವಾಗಿರಬೇಕು ನೋಡಿ.

ಕುಮಾರಸ್ವಾಮಿಯವರು 2007ರಲ್ಲಿ ಹೋದರು. ಅಕ್ಟೋಬರಿನಲ್ಲಿ ಸರ್ಕಾರ ಬಿತ್ತು. 20 ತಿಂಗಳು ನಾನು, 20 ತಿಂಗಳು ನೀನು ಎಂದು ಬಿಜೆಪಿಯ ಜೊತೆ ಮಾತಾಗಿದ್ದು 2006ರಲ್ಲೇ. ಕುರ್ಚಿ ಬಿಡಬೇಕಾದ ತಿಂಗಳನ್ನು ಅವರೇ ಮೊದಲು ಗೊತ್ತು ಮಾಡಿಕೊಂಡಿದ್ದರು, ಹೆಸರು ಕೆಟ್ಟದ್ದು ಮಾತ್ರ ಊರಿಗೆ. 2013ರಲ್ಲಿ ಜಗದೀಶ ಶೆಟ್ಟರ್ ಹೋಗಿ ಬಂದು ಚುನಾವಣೆ ಸೋತರು. 1985ರಿಂದ ಈಚೆಗೆ ಕರ್ನಾಟಕದ ಯಾವ ಆಡಳಿತ ಪಕ್ಷವೂ ಮರಳಿ ಗೆದ್ದಿಲ್ಲವಾದ್ದರಿಂದ ಅವರು ಮನೆಯಲ್ಲೇ ಬಾಗಿಲು ಹಾಕಿಕೊಂಡು ಕೂತಿದ್ದರೂ ಫಲಿತಾಂಶ ಬೇರೆಯಾಗುತ್ತಿತ್ತೆಂದು ನನಗನ್ನಿಸುವುದಿಲ್ಲ.

ಹೋಗದೆ ಉಳಿದವರ ಪಟ್ಟಿ ಮಾತ್ರ ಯಾರೂ ಬರೆದಿಡುವುದಿಲ್ಲ. 1997ರಲ್ಲಿ ಚಾಮರಾಜನಗರ ಹೊಸ ಜಿಲ್ಲೆಯಾಯಿತು. ಉದ್ಘಾಟಿಸಬೇಕಾದ ಜೆ.ಎಚ್. ಪಟೇಲರು ಜಿಲ್ಲಾ ಕೇಂದ್ರವನ್ನು ಬಿಟ್ಟು ಮಲೆ ಮಹದೇಶ್ವರ ಬೆಟ್ಟದಿಂದಲೇ ಆ ಶಾಸ್ತ್ರ ಮುಗಿಸಿದರು. ಬೆಟ್ಟವೂ ಅದೇ ಜಿಲ್ಲೆಯದೇ. ಹಾಗಾದರೆ ಶಾಪದ ಗಡಿ ಎಲ್ಲಿಗೆ ಮುಗಿಯುತ್ತದೆ, ನಗರಸಭೆಯ ಎಲ್ಲೆಗೋ ಬಸ್ ನಿಲ್ದಾಣಕ್ಕೋ? ಸರ್ವೆ ಇಲಾಖೆಯವರು ಒಮ್ಮೆ ಸರಪಳಿ ಹಿಡಿದು ಕಲ್ಲು ನೆಟ್ಟುಬಿಟ್ಟರೆ ಮುಂದಿನವರಿಗೆ ಅನುಕೂಲ. ಇಷ್ಟೆಲ್ಲ ಜಾಗ್ರತೆ ವಹಿಸಿದ ಪಟೇಲರೂ 1999ರಲ್ಲಿ ಅಧಿಕಾರ ಕಳೆದುಕೊಂಡರು.

ಇದೇ ಊರಿನ ಚಾಮರಾಜೇಶ್ವರನಿಗೆ ಆಷಾಢದಲ್ಲಿ ತೇರು. ಆಷಾಢವೆಂದರೆ ಉಳಿದ ಕಡೆ ಹೊಸ ಸೊಸೆಯನ್ನು ತವರಿಗೆ ಕಳಿಸುವ ತಿಂಗಳು. ಇಲ್ಲಿ ನವದಂಪತಿಗಳು ಜೋಡಿಯಾಗಿ ಬಂದು ತೇರಿಗೆ ಹಣ್ಣು-ಜವನ ಎಸೆದು, ಸಂಸಾರ ಗಟ್ಟಿಯಾಗಿ ನಿಲ್ಲಲಿ ಎಂದು ಬೇಡಿಕೊಂಡು ಹೋಗುತ್ತಾರೆ. ಮದುವೆ ನಿಲ್ಲುವ ಊರಿನಲ್ಲಿ ಮಂತ್ರಿಮಂಡಲ ಯಾಕೆ ನಿಲ್ಲುವುದಿಲ್ಲವೋ, ಜ್ಯೋತಿಷಿಗಳೇ ಹೇಳಬೇಕು.

ಕರ್ನಾಟಕದಲ್ಲಿ ಪೂರ್ತಿ ಐದು ವರ್ಷ ಆಳಿದ ಮುಖ್ಯಮಂತ್ರಿಗಳು ನಿಜಲಿಂಗಪ್ಪ, ಅರಸು ಮತ್ತು ಸಿದ್ದರಾಮಯ್ಯ, ಮೂವರೇ. ಬಿಡಾರ ಖಾಲಿ ಮಾಡುವುದೇ ವಾಡಿಕೆಯಾದ ಕಡೆ ಯಾವ ಊರಿನ ಮೇಲೆ ಬೆರಳಿಟ್ಟರೂ ಶಾಪ ಸಾಬೀತಾಗುತ್ತದೆ. ಮೈಸೂರಿನ ದಸರೆಗೆ ಹೋಗಿ ಬಂದು ಕುರ್ಚಿ ಕಳೆದುಕೊಂಡವರನ್ನು ಎಣಿಸಿ ನೋಡಿ. ಸಿದ್ದರಾಮಯ್ಯ 2013ರಿಂದ ಮತ್ತೆ ಮತ್ತೆ ಚಾಮರಾಜನಗರಕ್ಕೆ ಹೋದರು, ಐದೂ ವರ್ಷ ಮುಗಿಸಿದರು. 2018ರಲ್ಲಿ ಪಕ್ಷ ಸೋತಾಗ ಪಟ್ಟಿಯವರು ನಿಟ್ಟುಸಿರು ಬಿಟ್ಟರು: ನೋಡಿ, ನಾವು ಹೇಳಿರಲಿಲ್ಲವೆ! ಐದು ವರ್ಷ ತಡವಾಗಿ ಬಂದರೂ ಶಾಪ ಶಾಪವೇ.

ಸಿದ್ದರಾಮಯ್ಯನವರನ್ನೂ ಪೂರ್ತಿ ಬಿಟ್ಟುಬಿಡುವಂತಿಲ್ಲ. 2016ರಲ್ಲಿ ಅವರ ಕಾರಿನ ಮೇಲೆ ಕಾಗೆ ಕೂತಿತು, ಸ್ವಲ್ಪ ದಿನಕ್ಕೆ ಹೊಸ ಕಾರು ಬಂತು. ಕಾಗೆಗೂ ಕಾರಿಗೂ ಸಂಬಂಧವಿಲ್ಲ ಎಂದು ಅವರು ಹೇಳಿದರೂ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಗಂಟು ಹಾಕಿಯೇ ಬದುಕುವ ಟಿವಿಯವರು ಬಿಡುತ್ತಾರೆಯೆ? ಅವರದೇ ಸರ್ಕಾರ 2017ರಲ್ಲಿ ತಂದ ಮೌಢ್ಯ ನಿಷೇಧ ಕಾನೂನಿನಲ್ಲೂ ಜ್ಯೋತಿಷ್ಯ ಮತ್ತು ವಾಸ್ತು ಸಲಹೆಗೆ ವಿನಾಯಿತಿ ಇದೆ. ವಾಸ್ತುವಿಗೆ ಹೆದರಿ ಮುಚ್ಚಿಟ್ಟಿದ್ದ ವಿಧಾನಸೌಧದ ತಮ್ಮ ಕೊಠಡಿಯ ದಕ್ಷಿಣ ಬಾಗಿಲನ್ನು 2023ರಲ್ಲಿ ತೆರೆಸಿದವರೂ ಅವರೇ. ಬಾಗಿಲಿಗೆ ಸಿಕ್ಕ ಬಿಡುಗಡೆ ಕಾನೂನಿಗೆ ಸಿಗಲಿಲ್ಲ.

ಮುಖ್ಯಮಂತ್ರಿ ಕಾಲಿಡದ ಊರಿನ ಕಡತಕ್ಕೆ ಯಾವ ಅವಸರ? 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ತೀರಿಹೋಯಿತು. ಒಂದು ದಿನದೊಳಗೆ 24 ರೋಗಿಗಳು ಸತ್ತರೆಂದು ಮೊದಲ ಲೆಕ್ಕ. ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು 2020ರಲ್ಲಿ ಮಹದೇಶ್ವರ ಬೆಟ್ಟಕ್ಕೆ ಬಂದು ದರ್ಶನ ಮಾಡಿಕೊಂಡು ಹೋಗಿದ್ದರು. ಈ ಸಾವುಗಳ ನಂತರವೂ ಜಿಲ್ಲಾ ಕೇಂದ್ರದತ್ತ ಸುಳಿಯಲಿಲ್ಲ. ಜುಲೈ 26ಕ್ಕೆ, ಆ ಊರಿನ ಧೂಳೂ ಸೋಕದೆ, ಬೆಂಗಳೂರಿನಲ್ಲೇ ಕಣ್ಣೀರು ಹಾಕಿ ರಾಜೀನಾಮೆ ಕೊಟ್ಟರು. ಇದನ್ನು ಪಟ್ಟಿಗೆ ಸೇರಿಸಲು ಇನ್ನೂ ಯಾರಿಗೂ ಪುರಸೊತ್ತಾಗಿಲ್ಲ.